ಅಪ್ಪ ಅಮ್ಮನ ಜೊತೆ ಒಂದು ದಿನ ಕಲೋನ್‌ಗೆ: ಡೋಮ್ ನೋಡಲು ಎಷ್ಟು ಹೊತ್ತು ಬೇಕು? ಸುತ್ತಮುತ್ತ ಏನಿದೆ?

ಹಾಸನದ ಹುಡುಗ:

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಆರು ತಿಂಗಳಿಗೆ ಫ್ರಾಂಕ್‌ಫರ್ಟ್‌ಗೆ ಬಂದಿದ್ದೇನೆ. ಮುಂದಿನ ವಾರ ಅಪ್ಪ ಅಮ್ಮ ಬರುತ್ತಿದ್ದಾರೆ. ಒಂದು ದಿನ ಕಲೋನ್‌ಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಬೆಳಗ್ಗೆ ಹೋಗಿ ರಾತ್ರಿ ವಾಪಸ್.

ಅಪ್ಪನಿಗೆ 68. ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಮಂಡಿ ನೋವು ಇದೆ, ಮೆಟ್ಟಿಲು ಅಂದರೆ ಕಷ್ಟ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನ ದೊಡ್ಡ ಚರ್ಚ್, ಡೋಮ್ ಅಂತಾರಲ್ಲ, ಅದು ಒಂದು ಗಂಟೆಯಲ್ಲಿ ಮುಗಿಯುತ್ತದಾ? ಉಳಿದ ಹೊತ್ತಿಗೆ ಏನು ಮಾಡಬಹುದು? ಆಫೀಸಿನಲ್ಲಿ ಒಬ್ಬರು ಹದಿನಾಲ್ಕು ಜಾಗದ ಪಟ್ಟಿ ಕೊಟ್ಟಿದ್ದಾರೆ. ನೋಡಿದರೇ ಸುಸ್ತಾಗುತ್ತದೆ.

ಎರಡು ಬ್ಯಾಗು:

ಆರು ದಿನದಲ್ಲಿ ಐದು ಊರು ಸುತ್ತಿದವನು ನಾನು. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಡೋಮ್‌ಗೆ ಇಪ್ಪತ್ತು ನಿಮಿಷ ಸಾಕು. ರೈಲು ಇಳಿದು ಹೊರಗೆ ಬಂದರೆ ಎದುರಿಗೇ ನಿಂತಿರುತ್ತದೆ. ಒಂದು ಫೋಟೋ, ಒಳಗೆ ಒಂದು ಸುತ್ತು, ಮುಗಿಯಿತು. ಇಡೀ ಕಟ್ಟಡ ಮಸಿ ಬಳಿದ ಹಾಗೆ ಕಪ್ಪಾಗಿದೆ, ತೊಳೆಯಬಾರದಾ ಅನ್ನಿಸಿತು. ನಾನು ಹೋದಾಗ ಒಂದು ಗೋಪುರಕ್ಕೆ ಸಾರ್ವೆ ಬೇರೆ ಕಟ್ಟಿದ್ದರು. ಫೋಟೋ ಹಾಳಾಯಿತು. ಆಮೇಲೆ ನದಿಯಲ್ಲಿ ಬೋಟ್ ಹತ್ತಿದೆವು, ಅದು ಚೆನ್ನಾಗಿತ್ತು.

ರೈನ್ ದಂಡೆ:

ಎರಡು ಬ್ಯಾಗು ಅವರೇ, ಸಾರ್ವೆ ಇಲ್ಲದ ಡೋಮ್ ನೋಡಿದವರು ಯಾರಾದರೂ ಇದ್ದರೆ ನನಗೂ ತಿಳಿಸಿ. ಒಂಬತ್ತು ವರ್ಷದಿಂದ ಇದೇ ಊರಿನಲ್ಲಿದ್ದೇನೆ. ಈ ಕಡೆ ಬಿಚ್ಚಿದರೆ ಆ ಕಡೆ ಕಟ್ಟುತ್ತಾರೆ. ಡೋಮ್ ಕೆಲಸ ಪೂರ್ತಿಯಾದ ದಿನ ಪ್ರಪಂಚ ಮುಳುಗುತ್ತದೆ ಅಂತ ಇಲ್ಲಿಯವರು ಒಂದು ಮಾತು ಹೇಳುತ್ತಾರೆ. ಹಾಗಾಗಿ ಸಾರ್ವೆ ಕಂಡರೆ ನಮಗೆಲ್ಲ ಒಂದು ಥರ ನೆಮ್ಮದಿ.

ಹಾಸನದವರೇ, ನಿಮ್ಮ ಅಪ್ಪ ಪಿಡಬ್ಲ್ಯೂಡಿ ಅಂದಿರಿ. ಹಾಗಾದರೆ ಕಟ್ಟಡಕ್ಕಿಂತ ಅದರ ಕಾಮಗಾರಿಯ ಕಥೆಯೇ ಅವರಿಗೆ ರುಚಿಸುತ್ತದೆ. ಹೋಗುವ ಮುಂಚೆ ಇಷ್ಟು ಹೇಳಿಟ್ಟಿರಿ.

ಅಡಿಗಲ್ಲು ಹಾಕಿದ್ದು 1248ರ ಆಗಸ್ಟ್ 15. ನಮ್ಮಲ್ಲಿ ಹೊಯ್ಸಳರು ಸೋಮನಾಥಪುರದ ದೇವಸ್ಥಾನ ಕಟ್ಟುತ್ತಿದ್ದ ಆಸುಪಾಸಿನ ಕಾಲ ಅದು. 1322ರ ಹೊತ್ತಿಗೆ ಗರ್ಭಗುಡಿಯ ಭಾಗ ಮುಗಿದು ಪ್ರತಿಷ್ಠೆಯೂ ಆಯಿತು. ಆಮೇಲೆ ಕೆಲಸ ಕುಂಟುತ್ತಾ ಸಾಗಿ, 16ನೇ ಶತಮಾನದಲ್ಲಿ ಪೂರ್ತಿ ನಿಂತುಹೋಯಿತು. ದುಡ್ಡಿಲ್ಲ, ಆಸಕ್ತಿಯೂ ಇಲ್ಲ. ಮೇಲುಕೋಟೆಯ ರಾಯಗೋಪುರ ನೋಡಿದ್ದೀರಲ್ವಾ, ಅದೇ ಥರ ಅರ್ಧಕ್ಕೆ ಬಿಟ್ಟ ಕೆಲಸ. ತೆಂಕಣ ಗೋಪುರ ಐವತ್ತು ಮೀಟರ್ ದಾಟಿ ಮೊಂಡಾಗಿ ನಿಂತಿತ್ತು. ಅದರ ನೆತ್ತಿಯ ಮೇಲೆ ಕಲ್ಲು ಎತ್ತುವ ಮರದ ಕ್ರೇನ್. ಅದನ್ನೂ ಯಾರೂ ಇಳಿಸಲಿಲ್ಲ. ನೂರಾರು ವರ್ಷ ಹಾಗೇ ಇತ್ತು. ಹಳೆಯ ಚಿತ್ರಗಳಲ್ಲಿ ಕಲೋನ್ ಊರಿನ ಗುರುತೇ ಆ ಕ್ರೇನ್. ಅದನ್ನು ಕೆಳಗಿಳಿಸಿದ್ದು 1868ರಲ್ಲಿ.

ಮತ್ತೆ ಕೆಲಸ ಶುರುವಾಗಿದ್ದು 1842ರಲ್ಲಿ. ಹೇಗೆ ಗೊತ್ತಾ? ಮುಂಭಾಗದ ಹಳೆಯ ನಕ್ಷೆ ಎರಡು ತುಂಡಾಗಿ ಎಲ್ಲೋ ಕಳೆದುಹೋಗಿತ್ತು. ಒಂದು ತುಂಡು 1814ರಲ್ಲಿ ಡಾರ್ಮ್‌ಸ್ಟಾಟ್ ಊರಿನಲ್ಲಿ ಸಿಕ್ಕಿತು. ಒಂದು ಮನೆಯ ಅಟ್ಟದ ಮೇಲೆ ಅದರಲ್ಲಿ ಹುರುಳಿಕಾಯಿ ಒಣಗಿಸುತ್ತಿದ್ದರು ಅಂತ ಕಥೆ. ಇನ್ನೊಂದು ತುಂಡು ಎರಡು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಸಿಕ್ಕಿತು. ಎರಡನ್ನೂ ಜೋಡಿಸಿದರೆ ನಾಲ್ಕು ಮೀಟರ್ ಎತ್ತರದ ನಕ್ಷೆ. ಅದನ್ನು ಮುಂದಿಟ್ಟುಕೊಂಡು ಉಳಿದದ್ದನ್ನು ಕಟ್ಟಿದರು. 1880ಕ್ಕೆ ಮುಗಿಯಿತು. ಒಟ್ಟು 632 ವರ್ಷ. ಇಂಥದ್ದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಬಂದೆ ಅಂದರೆ ನಾನು ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಎರಡು ಬ್ಯಾಗು:

ಹಾಗಾದರೆ ಅರ್ಧಕ್ಕರ್ಧ ಕಟ್ಟಡ 19ನೇ ಶತಮಾನದ್ದು ಅಂತಾಯಿತು. ಹಳೇ ಕಾಲದ್ದು ಅಂತ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವ ಆ ಎರಡು ಗೋಪುರ ಬ್ರಿಟಿಷರ ಕಾಲದ ನಮ್ಮ ರೈಲ್ವೆ ಸ್ಟೇಷನ್‌ಗಳ ವಯಸ್ಸಿನವು, ಅಲ್ವಾ? ಹಳೆಯದು ನೋಡಬೇಕು ಅಂದರೆ ಬೇರೆ ಕಡೆ ಹೋಗುವುದು ಒಳ್ಳೆಯದು.

ಆಖನ್ ವಿದ್ಯಾರ್ಥಿ:

ಬೇರೆ ಕಡೆ ಅಂದಾಗ ನಾನು ಬಾಯಿ ಹಾಕಲೇಬೇಕು. ಆಖನ್‌ನಲ್ಲಿ ಸಿವಿಲ್ ಎಂಎಸ್ ಮಾಡುತ್ತಿದ್ದೇನೆ. ಕಲೋನ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರ. ನಮ್ಮ ಕೆಥೆಡ್ರಲ್‌ನ ನಡುಭಾಗ ಶಾರ್ಲ್‌ಮೇನ್ ಚಕ್ರವರ್ತಿ ಕಟ್ಟಿಸಿದ್ದು, 800ರ ಆಸುಪಾಸಿನದು. 936ರಿಂದ 1531ರ ತನಕ ಜರ್ಮನ್ ರಾಜರಿಗೆ ಪಟ್ಟ ಕಟ್ಟಿದ್ದು ಅಲ್ಲೇ. 1978ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮೊಟ್ಟಮೊದಲ ಪಟ್ಟಿ ಮಾಡಿದಾಗ ಪ್ರಪಂಚದಲ್ಲಿ ಹನ್ನೆರಡೇ ಜಾಗ, ಅದರಲ್ಲಿ ಒಂದು ನಮ್ಮದು. ಕಲೋನ್ ಡೋಮ್ ಆ ಪಟ್ಟಿಗೆ ಬಂದಿದ್ದು 1996ರಲ್ಲಿ. ಸುಮ್ನೆ ಹೇಳಿದೆ.

ಆದರೂ ಎರಡು ಬ್ಯಾಗು ಅವರ ಮಾತನ್ನು ನಾನು ಒಪ್ಪುವುದಿಲ್ಲ. ಗೋಪುರಗಳ ಬಹುಪಾಲು ಕಟ್ಟಿದ್ದು 19ನೇ ಶತಮಾನದಲ್ಲಿ ನಿಜ, ನಕ್ಷೆ ಮಾತ್ರ ಹಳೆಯದೇ. ಅದಕ್ಕಿಂತ ಮಜಾ ಏನೆಂದರೆ, ಹೊರಗೆ ಹಳೇ ವೇಷ ಹಾಕಿಕೊಂಡು ಮೇಲೆ ಚಾವಣಿಯಲ್ಲಿ ಅವರು ಇಟ್ಟಿರುವುದು ಕಬ್ಬಿಣ. ಐಫೆಲ್ ಟವರ್‌ಗಿಂತ ಮುಂಚಿನದು. ಮರದ ತೊಲೆ ಇದ್ದಿದ್ದರೆ ಎರಡನೇ ಮಹಾಯುದ್ಧದಲ್ಲಿ ಬೆಂಕಿ ಬಿದ್ದು ಇಡೀ ಚಾವಣಿ ಹೋಗುತ್ತಿತ್ತು. ಹದಿನಾಲ್ಕು ದೊಡ್ಡ ಬಾಂಬ್ ಬಿದ್ದಿವೆ ಸ್ವಾಮಿ. ಸುತ್ತಲಿನ ಊರು ಮಟ್ಟಸವಾಯಿತು, ಇದು ನಿಂತಿತು. ಬಡಗಣ ಗೋಪುರದ ಬುಡದಲ್ಲಿ ಬಾಂಬ್ ತಿಂದ ಜಾಗಕ್ಕೆ ಯುದ್ಧದ ನಡುವೆಯೇ ಇಟ್ಟಿಗೆ ತುಂಬಿದ್ದರು. ಆ ತೇಪೆ 2005ರ ತನಕ ಹಾಗೇ ಕಾಣುತ್ತಿತ್ತು. ಈಗ ಕಲ್ಲು ಹೊದಿಸಿದ್ದಾರೆ.

ಕಪ್ಪು ಬಣ್ಣದ ವಿಷಯ. ಅದು ತೊಳೆದರೆ ಹೋಗುವ ಕೊಳೆ ಅಲ್ಲ. ಕಲ್ಲಿದ್ದಲ ಹೊಗೆಯಲ್ಲಿನ ಗಂಧಕ ಮಳೆನೀರಿನ ಜೊತೆ ಸೇರಿ ಕಲ್ಲಿನ ಮೈಯನ್ನೇ ಬದಲಾಯಿಸಿದೆ. ಪಕ್ಕದಲ್ಲೇ ರೈಲ್ವೆ ಸ್ಟೇಷನ್, ನೂರು ವರ್ಷ ಹಬೆ ಇಂಜಿನ್ ಹೊಗೆ. ಈಗ ಹೊಸದಾಗಿ ಕೂರಿಸಿದ ಕಲ್ಲು ತಿಳಿ ಬಣ್ಣಕ್ಕಿರುತ್ತದೆ, ಬಿಳಿಗೂದಲ ಹಾಗೆ ಅಲ್ಲಲ್ಲಿ ಕಾಣಿಸುತ್ತದೆ.

ಹಾಸನದವರೇ, ನಿಮ್ಮ ಅಪ್ಪನಿಗೆ ಒಂದು ಕೆಲಸ ಕೊಡಿ. ಹಳೆಯ ಭಾಗ, ಅಂದರೆ ಪೂರ್ವದ ತುದಿಯಲ್ಲಿ ಕಲ್ಲನ್ನು ಹತ್ತಿರದಿಂದ ನೋಡಲು ಹೇಳಿ. ಅದು ಡ್ರಾಖೆನ್‌ಫೆಲ್ಸ್ ಬೆಟ್ಟದ ಟ್ರಾಕೈಟ್ ಅನ್ನುವ ಜ್ವಾಲಾಮುಖಿ ಕಲ್ಲು. ರೈನ್ ನದಿಯಲ್ಲಿ ದೋಣಿ ಮೇಲೆ ತಂದದ್ದು. ಅದರೊಳಗೆ ಉಗುರಿನಷ್ಟು ದೊಡ್ಡ ಹರಳುಗಳು ಕಾಣುತ್ತವೆ. 19ನೇ ಶತಮಾನದ ಮರಳುಗಲ್ಲಿನಲ್ಲಿ ಆ ಹರಳು ಇರುವುದಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಅಂತ ಬೋರ್ಡ್ ಓದದೇ ಹೇಳಬಹುದು.

ಕುಡ್ಲ ಕುವರಿ:

ಎಲ್ಲರೂ ಕಲ್ಲು, ಕಬ್ಬಿಣ ಅಂತಲೇ ಮಾತಾಡ್ತಾ ಇದ್ದೀರಿ ಮಾರಾಯ್ರೆ. ಅದು ದೇವರ ಮನೆ ಅಂತ ಒಬ್ಬರಾದರೂ ಹೇಳಿದ್ದುಂಟಾ?

ಆ ಡೋಮ್ ಕಟ್ಟಿದ್ದೇ ಒಂದು ಪೆಟ್ಟಿಗೆಗಾಗಿ. 1164ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಇಟಲಿಯ ಮಿಲಾನ್‌ನಿಂದ ಮೂವರು ರಾಯರ ಮೂಳೆಗಳನ್ನು ತಂದರು. ಮೂವರು ರಾಯರು ಅಂದರೆ ಬಾಲ ಯೇಸುವನ್ನು ನೋಡಲು ನಕ್ಷತ್ರ ಹಿಡಿದು ಬಂದವರು. ಕನ್ನಡ ಬೈಬಲಿನಲ್ಲಿ ಮೂಡಣ ದೇಶದ ಜೋಯಿಸರು ಅಂತ ಬರುತ್ತದೆ. ಆ ಮೂಳೆಗಳಿಗೆ ಚಿನ್ನದ ತಗಡಿನ ದೊಡ್ಡ ಪೆಟ್ಟಿಗೆ ಮಾಡಿಸಿದರು. ನೋಡಲು ಪುಟ್ಟ ಚರ್ಚಿನ ಆಕಾರದಲ್ಲೇ ಉಂಟು. ಜನ ಸಾಗರದ ಹಾಗೆ ಬರಲು ಶುರುವಾಯಿತು, ಹಳೆಯ ಚರ್ಚು ಸಾಲದಾಯಿತು. ಅದಕ್ಕೇ ಈ ದೊಡ್ಡದು. ಪೆಟ್ಟಿಗೆ ಮುಖ್ಯ ಬಲಿಪೀಠದ ಹಿಂದೆ ಗಾಜಿನೊಳಗೆ ಉಂಟು. ಹೊರಗೆ ಚಾವಣಿಯ ನಡುವೆ ಒಂದು ಸಣ್ಣ ಗೋಪುರ ಉಂಟಲ್ಲ, ಅದರ ತುದಿಯಲ್ಲಿ ಶಿಲುಬೆ ಇಲ್ಲ, ನಕ್ಷತ್ರ. ಊರಿನ ಲಾಂಛನದಲ್ಲೂ ಮೂರು ಕಿರೀಟ. ನಮ್ಮ ಮನೆಯಲ್ಲಿ ಜನವರಿ 6ಕ್ಕೆ ಮೂವರು ರಾಯರ ಹಬ್ಬ. ಹಾಗಾಗಿ ನಾನು ಮೊದಲ ಸಲ ಹೋದಾಗ ಆ ಪೆಟ್ಟಿಗೆ ಮುಂದೆ ಕಾಲು ಕೀಳಲಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸೋಣ ಅಂತ ಮೊಬೈಲ್ ತೆಗೆದೆ, ಕೆಂಪು ನಿಲುವಂಗಿ ಹಾಕಿದ ಕಾವಲಿನವರು ಬೇಡ ಅಂತ ಕೈ ಆಡಿಸಿದರು. ಸರಿ ಅಂತ ಇಟ್ಟೆ.

ಪೆಟ್ಟಿಗೆ ನೋಡಿ ಹಾಗೇ ಬರಬೇಡಿ. ಅಲ್ಲೇ ಹತ್ತಿರ ಗೇರೋ ಶಿಲುಬೆ ಉಂಟು. ಮರದ್ದು, ಸಾವಿರ ವರ್ಷ ದಾಟಿದೆ, ಈಗಿನ ಡೋಮ್‌ಗಿಂತ ಹಳೆಯದು. ಅದರಲ್ಲಿ ಯೇಸು ರಾಜನ ಹಾಗೆ ನೆಟ್ಟಗೆ ನಿಂತಿಲ್ಲ. ತಲೆ ಎದೆಗೆ ಬಿದ್ದಿದೆ, ಹೊಟ್ಟೆ ಜೋತಿದೆ, ತುಟಿ ಕೆಳಗೆ ಇಳಿದಿದೆ. ಸತ್ತ ಮನುಷ್ಯನ ಮುಖ ಅದು. ಅಷ್ಟು ಹಿಂದೆ ಅಷ್ಟು ದೊಡ್ಡದಾಗಿ ಹಾಗೆ ಕೆತ್ತಿದ್ದು ಬಹಳ ಕಡಿಮೆ.

ನಿಯಮ ಹೇಳುವುದಾದರೆ, ಗಂಡಸರು ಟೋಪಿ ತೆಗೆಯಬೇಕು. ಪೂಜೆ ನಡೆಯುವಾಗ ತಿರುಗಾಡಲು ಬಿಡುವುದಿಲ್ಲ. ಭಾನುವಾರ ಬೆಳಗ್ಗೆ ಪೂರ್ತಿ ಪೂಜೆಯೇ, ಆವತ್ತು ಹೋಗಬೇಡಿ. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ. ಮೇಣದಬತ್ತಿ ಯಾರು ಬೇಕಾದರೂ ಹಚ್ಚಬಹುದು, ನೀವು ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ.

ಹಾಸನದ ಹುಡುಗ:

ಅಕ್ಕ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಮೇಣದಬತ್ತಿ ವಿಷಯ ಹೇಳಿದೆ, ಖುಷಿಯಾದರು. ಟವರ್ ಹತ್ತಬೇಕು ಅಂತ ಅಪ್ಪ ಈಗಲೇ ಹಠ ಹಿಡಿದಿದ್ದಾರೆ. ಲಿಫ್ಟ್ ಇದೆಯಾ?

ರೈನ್ ದಂಡೆ:

ಇಲ್ಲ. 533 ಮೆಟ್ಟಿಲು, ಬಹುಪಾಲು ಸುರುಳಿ. ಹತ್ತುವವರು ಇಳಿಯುವವರು ಎಲ್ಲ ಒಂದೇ ಕಿರಿದಾದ ದಾರಿಯಲ್ಲಿ. ಎದುರಿನಿಂದ ಬೆನ್ನಿಗೆ ಬ್ಯಾಗ್ ಹಾಕಿದ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಂಡು ಉಸಿರು ಒಳಗೆಳೆದುಕೊಳ್ಳಬೇಕು. ನಡುವೆ ಗಂಟೆಗಳ ಕೋಣೆ ಇದೆ. ಅಲ್ಲಿನ ದೊಡ್ಡ ಗಂಟೆ 1923ರಲ್ಲಿ ಎರಕ ಹೊಯ್ದದ್ದು, 24 ಟನ್. ಊರಿನವರು ಅದನ್ನು ದಪ್ಪ ಪೀಟರ್ ಅಂತ ಮುದ್ದಿನಿಂದ ಕರೆಯುತ್ತಾರೆ. ದೊಡ್ಡ ಹಬ್ಬಗಳಿಗೆ ಮಾತ್ರ ಬಾರಿಸುವುದು. 2011ರ ಜನವರಿ 6ರಂದು, ಕುಡ್ಲದವರು ಹೇಳಿದ ಅದೇ ಮೂವರು ರಾಯರ ಹಬ್ಬದ ದಿನ, ಬಾರಿಸುವಾಗ ಅದರ ನಾಲಿಗೆಯೇ ಮುರಿದು ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮಂಡಿ ನೋವಿನವರಿಗೆ ಖಂಡಿತ ಬೇಡ. ಬದಲಿಗೆ ಎರಡು ಉಪಾಯ. ಒಂದು, ಡೋಮ್ ಎದುರಿನ ಅಂಗಳದಲ್ಲೇ ಗೋಪುರದ ತುದಿಯ ಕಲ್ಲು ಹೂವಿನ ನಕಲು ನಿಲ್ಲಿಸಿದ್ದಾರೆ. ಅಸಲಿಯಷ್ಟೇ ಗಾತ್ರ, ಒಂಬತ್ತೂವರೆ ಮೀಟರ್. ಅದರ ಪಕ್ಕ ನಿಂತು ತಲೆ ಎತ್ತಿ 157 ಮೀಟರ್ ಮೇಲಿನ ಅಸಲಿಯನ್ನು ನೋಡಬೇಕು. ಅಲ್ಲಿ ಅದು ಹೂಕೋಸಿನಷ್ಟು ಕಾಣುತ್ತದೆ. ಎತ್ತರ ಅಂದರೆ ಏನು ಅಂತ ಆಗ ಗೊತ್ತಾಗುವುದು. 1880ರಿಂದ ನಾಲ್ಕು ವರ್ಷ ಪ್ರಪಂಚದಲ್ಲೇ ಎತ್ತರದ ಕಟ್ಟಡ ಇದು.

ಎರಡನೆಯದು, ನದಿಯ ಆಚೆ ದಡದಲ್ಲಿ ಒಂದು ಎತ್ತರದ ಕಚೇರಿ ಕಟ್ಟಡದ ಮೇಲೆ ಸುಮಾರು ನೂರು ಮೀಟರ್‌ನಲ್ಲಿ ನೋಡುವ ಜಾಗ ಇದೆ. ಟ್ರೈಯಾಂಗಲ್ ಅಂತ ಕರೆಯುತ್ತಾರೆ. ಲಿಫ್ಟ್ ಇದೆ. ಡೋಮ್ ಮೇಲಿನಿಂದ ಡೋಮ್ ಕಾಣುವುದಿಲ್ಲವಲ್ಲ, ಇಲ್ಲಿಂದ ಪೂರ್ತಿ ಕಾಣುತ್ತದೆ. ಈ ಮಾತನ್ನು ನಾನು ಬರುವ ನೆಂಟರಿಗೆಲ್ಲ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಎಲ್ಲರೂ 533 ಹತ್ತಿ, ರಾತ್ರಿ ನಮ್ಮ ಮನೆಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ಆಖನ್ ವಿದ್ಯಾರ್ಥಿ:

ಮುಂಚೆಯೇ ಬುಕ್ ಮಾಡಿದರೆ ಚಾವಣಿ ತೋರಿಸುವ ಟೂರ್ ಇದೆ. ಕೆಲಸದವರ ಲಿಫ್ಟ್‌ನಲ್ಲಿ ಮೇಲೆ ಹೋಗುವುದು. ನಾನು ಹೇಳಿದ ಕಬ್ಬಿಣದ ತೊಲೆ ಎಲ್ಲ ಅಲ್ಲಿ ನೋಡಬಹುದು. ಆದರೂ ಮೇಲೆ ಸ್ವಲ್ಪ ಮೆಟ್ಟಿಲು, ಇಕ್ಕಟ್ಟಾದ ಜಾಗ ಇದೆ. ಬೇಗ ತುಂಬಿಹೋಗುತ್ತದೆ.

ಬೆಣ್ಣೆದೋಸೆ:

ಊಟದ ಬಗ್ಗೆ ಯಾರೂ ಮಾತಾಡಿಲ್ಲವಲ್ಲ? ಅವರ ಅಮ್ಮನಿಗೆ ಏನು ಸಿಗುತ್ತದೆ?

ರೈನ್ ದಂಡೆ:

ಬುತ್ತಿ ಕಟ್ಟಿಕೊಂಡು ಬರುವುದು ಉತ್ತಮ. ನದಿ ದಂಡೆಯಲ್ಲಿ ಬೆಂಚುಗಳಿವೆ, ಯಾರೂ ಏನೂ ಅನ್ನುವುದಿಲ್ಲ.

ಹೋಟೆಲಿಗೇ ಹೋಗುವುದಾದರೆ ಹಳೇ ಊರಿನ ಬಿಯರ್ ಮನೆಗಳಲ್ಲಿ ಹಾಲ್ವೆ ಹಾನ್ ಅಂತ ಸಿಗುತ್ತದೆ. ಹೆಸರಿನ ಅರ್ಥ ಅರ್ಧ ಹುಂಜ. ಹೆದರಬೇಡಿ, ಬರುವುದು ರೈ ಬನ್ನು, ದಪ್ಪ ಚೀಸ್ ತುಂಡು, ಬೆಣ್ಣೆ, ಸಾಸಿವೆ, ಈರುಳ್ಳಿ. ನನ್ನ ಗೆಳೆಯ ಒಬ್ಬ ಚಿಕನ್ ಅಂದುಕೊಂಡು ಎರಡು ಪ್ಲೇಟ್ ಆರ್ಡರ್ ಮಾಡಿ, ಬಂದ ಮೇಲೆ ಬಡಿಸುವವನ ಜೊತೆ ವಾದಕ್ಕಿಳಿದಿದ್ದ. ಹಿಮ್ಮೆಲ್ ಉನ್ ಏಡ್ ಅಂದರೆ ಸ್ವರ್ಗ ಮತ್ತು ಭೂಮಿ, ಸೇಬು ಮತ್ತು ಆಲೂಗೆಡ್ಡೆ. ಕೇಳಲು ಸಾತ್ವಿಕ. ಆದರೆ ಮೇಲೆ ರಕ್ತದ ಸಾಸೇಜ್ ಇಟ್ಟು ಕೊಡುತ್ತಾರೆ, ಅಮ್ಮನಿಗೆ ಅದನ್ನು ಹೇಳಲೇಬೇಡಿ. ಆಲೂ ತುರಿದು ಕರಿದ ರೀಫ್‌ಕೂಖೆ ನಮ್ಮ ಬಾಯಿಗೆ ಹಿಡಿಸುತ್ತದೆ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಅಪ್ಪ ಬಿಯರ್ ಕುಡಿಯುವವರಾದರೆ ಒಂದು ಎಚ್ಚರಿಕೆ. ಇಲ್ಲಿನ ಕ್ಯೋಲ್ಷ್ 200 ಮಿಲಿಯ ಸಣ್ಣ ಗ್ಲಾಸಿನಲ್ಲಿ ಬರುತ್ತದೆ. ಖಾಲಿಯಾದ ಕೂಡಲೇ ಕೇಳದೇ ಇನ್ನೊಂದು ತಂದಿಡುತ್ತಾರೆ. ಕೆಳಗಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು. ಸಾಕು ಅಂದರೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಆ ರಟ್ಟನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಬಾಳೆಲೆ ಮಡಚಿದ ಹಾಗೆ.

ಪುಟ್ಟಿಯ ಅಮ್ಮ:

ಮಕ್ಕಳಿದ್ದರೆ ಚಾಕಲೇಟ್ ಮ್ಯೂಸಿಯಂ ಬಿಡಬೇಡಿ. ಡೋಮ್‌ನಿಂದ ನದಿ ಪಕ್ಕ ನಡೆದರೆ ಇಪ್ಪತ್ತು ನಿಮಿಷದ ಮೇಲಾಗುತ್ತದೆ. ಮೂರು ಮೀಟರ್ ಎತ್ತರದ ಚಾಕಲೇಟ್ ಕಾರಂಜಿ ಇದೆ. ಅದಕ್ಕೆ ವೇಫರ್ ಅದ್ದಿ ಕೊಡುತ್ತಾರೆ. ನಮ್ಮ ಪುಟ್ಟಿ ಡೋಮ್ ಮರೆತಿದ್ದಾಳೆ, ಅದನ್ನು ಮರೆತಿಲ್ಲ. ವಯಸ್ಸಾದವರಿಗೆ ಅಷ್ಟು ಇಷ್ಟವಾಗುತ್ತದೋ ಇಲ್ಲವೋ.

ಹಾಸನದ ಹುಡುಗ:

ರೈಲು ವಿಷಯ ಒಂದು. ನಾನು ನೋಡಿದ ಟಿಕೆಟ್‌ನಲ್ಲಿ ಮೆಸ್ಸೆ ಡಾಯ್ಟ್ಸ್ ಅಂತ ಬೇರೆ ಸ್ಟೇಷನ್ ತೋರಿಸುತ್ತಿದೆ. ತಪ್ಪಾ?

ರೈನ್ ದಂಡೆ:

ತಪ್ಪಲ್ಲ, ಅದೃಷ್ಟ. ಅದು ನದಿಯ ಆಚೆ ದಡ. ನಾನು ಹೇಳಿದ ಟ್ರೈಯಾಂಗಲ್ ಅಲ್ಲೇ ಇದೆ. ಮುಖ್ಯ ಸ್ಟೇಷನ್‌ನಲ್ಲಿ ಇಳಿದರೆ ಡೋಮ್ ದಿಢೀರ್ ಅಂತ ಮೂಗಿಗೆ ಬಡಿಯುತ್ತದೆ. ಡಾಯ್ಟ್ಸ್‌ನಲ್ಲಿ ಇಳಿದು ಹೊಹೆನ್‌ಜೊಲ್ಲರ್ನ್ ಸೇತುವೆ ಮೇಲೆ ನಡೆದು ಬಂದರೆ ಅದು ನಿಧಾನವಾಗಿ ಹತ್ತಿರ ಬರುತ್ತದೆ. ಸೇತುವೆ ಸುಮಾರು 400 ಮೀಟರ್. ಕಾರುಗಳಿಲ್ಲ, ಒಂದು ಕಡೆ ರೈಲು, ಇನ್ನೊಂದು ಕಡೆ ನದಿ. ನಡುವಿನ ಬೇಲಿಗೆ ಪ್ರೇಮಿಗಳು ಹಾಕಿದ ಬೀಗಗಳು, ಬೇಲಿಯೇ ಕಾಣದಷ್ಟು. ಬೀಗ ಹಾಕಿ ಕೀಲಿ ನದಿಗೆ ಎಸೆಯುತ್ತಾರೆ. ಈ ಹುಚ್ಚು ಶುರುವಾಗಿದ್ದು 2008ರ ಹೊತ್ತಿಗೆ. 1945ರ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ಬರುತ್ತಿದೆ ಅಂತ ಜರ್ಮನ್ನರೇ ಈ ಸೇತುವೆ ಉಡಾಯಿಸಿದ್ದರು. ಆಮೇಲೆ ಮತ್ತೆ ಕಟ್ಟಿದ್ದು. ಮಂಡಿ ಜಾಸ್ತಿ ನೋಯುತ್ತಿದ್ದರೆ ಡಾಯ್ಟ್ಸ್‌ನಿಂದ ಒಂದೇ ಸ್ಟಾಪ್, ಮುಖ್ಯ ಸ್ಟೇಷನ್ ಕಡೆ ಹೋಗುವ ಯಾವ ಲೋಕಲ್ ಹತ್ತಿದರೂ ಆಗುತ್ತದೆ.

ಸೇತುವೆ ಇಳಿದ ಕೂಡಲೇ, ಡೋಮ್ ಹಿಂದೆ, ಲುಡ್ವಿಗ್ ಮ್ಯೂಸಿಯಂ ಪಕ್ಕ ಇಟ್ಟಿಗೆ ಹಾಸಿದ ಒಂದು ಚೌಕ ಇದೆ. ಕೆಲವು ಹೊತ್ತು ಅಲ್ಲಿ ಕಾವಲಿನವರು ನಿಂತು, ಆ ಕಡೆಯಿಂದ ಸುತ್ತಿ ಹೋಗಿ ಅನ್ನುತ್ತಾರೆ. ಕಾರಣ ಕೇಳಿದರೆ ನಗು ಬರುತ್ತದೆ. ಆ ಚೌಕದ ಕೆಳಗೇ ಸಂಗೀತ ಸಭಾಂಗಣ. 1986ರಲ್ಲಿ ಕಟ್ಟಿದ್ದು. ಮೇಲೆ ನಡೆದರೆ ಹೆಜ್ಜೆ ಸದ್ದು, ಸೂಟ್‌ಕೇಸ್ ಚಕ್ರದ ಸದ್ದು ಕೆಳಗೆ ಕಛೇರಿಯಲ್ಲಿ ಕೇಳಿಸುತ್ತದೆ. ಅದಕ್ಕೇ ಕಛೇರಿ ಇದ್ದಾಗೆಲ್ಲ ಜನರನ್ನು ತಡೆಯಲು ಆಳುಗಳನ್ನು ನಿಲ್ಲಿಸುತ್ತಾರೆ. ನಿಮ್ಮ ಅಪ್ಪನಿಗೆ ಇದನ್ನು ತಪ್ಪದೇ ಹೇಳಿ. ಜರ್ಮನ್ ಇಂಜಿನಿಯರಿಂಗ್ ಅಂತ ಊರಲ್ಲಿ ಎಲ್ಲರೂ ಹೊಗಳುತ್ತಿರುತ್ತಾರಲ್ಲ.

ಕೊನೆಯದಾಗಿ, ಡೋಮ್ ಒಳಗೆ ತೆಂಕಣ ಕಡೆಯ ದೊಡ್ಡ ಕಿಟಕಿ ನೋಡಿ. ಹಳೆಯದು ಯುದ್ಧದಲ್ಲಿ ಹೋಗಿತ್ತು. 2007ರಲ್ಲಿ ಗೆರ್‌ಹಾರ್ಡ್ ರಿಖ್ಟರ್ ಅನ್ನುವ ಕಲಾವಿದ ಹೊಸದು ಮಾಡಿಕೊಟ್ಟರು. ಸಂತರಿಲ್ಲ, ಕಥೆಯಿಲ್ಲ, 72 ಬಣ್ಣದ 11 ಸಾವಿರಕ್ಕೂ ಹೆಚ್ಚು ಗಾಜಿನ ಚೌಕಗಳು ಅಷ್ಟೇ. ಯಾವ ಬಣ್ಣ ಎಲ್ಲಿ ಅಂತ ಬಹುಪಾಲು ಕಂಪ್ಯೂಟರ್ ಚೀಟಿ ಎತ್ತಿದ್ದು. ಆಗಿನ ಕಾರ್ಡಿನಲ್‌ಗೆ ಅದು ಇಷ್ಟವಾಗಲಿಲ್ಲ. ನನಗೆ ಇಷ್ಟ. ಮಧ್ಯಾಹ್ನ ಬಿಸಿಲಿದ್ದರೆ ಕಂಬಗಳ ಮೇಲೆ ಬಣ್ಣ ಚೆಲ್ಲಿರುತ್ತದೆ.

ಕುಡ್ಲ ಕುವರಿ:

ಸ್ಟೇಷನ್ ಹತ್ತಿರ ಅರ್ಜಿಗೆ ಸಹಿ ಹಾಕಿ ಅಂತ ಬರುವವರಿಗೆ ನಿಲ್ಲಬೇಡಿ. ಸಹಿ ಹಾಕುವಾಗ ಪರ್ಸ್ ಹೋಗುತ್ತದೆ. ನನ್ನದು ಹೋಗಿದೆ, ಅದಕ್ಕೇ ಹೇಳಿದ್ದು.

ಹಾಸನದ ಹುಡುಗ:

ಹೋಗಿ ಬಂದೆವು! ಮೊನ್ನೆ ಗುರುವಾರ. ವಿವರವಾಗಿ ಬರೆಯುತ್ತೇನೆ, ಇಷ್ಟು ಜನ ಸಹಾಯ ಮಾಡಿದ್ದೀರಿ.

ಡಾಯ್ಟ್ಸ್‌ನಲ್ಲೇ ಇಳಿದೆವು. ಜಿಟಿಜಿಟಿ ಮಳೆ. ಸೇತುವೆ ದಾಟಲು ಅರ್ಧ ಗಂಟೆ ಹಿಡಿಯಿತು, ಏಕೆಂದರೆ ಅಪ್ಪ ಬೀಗಗಳ ಭಾರ ಲೆಕ್ಕ ಹಾಕಲು ಶುರು ಮಾಡಿದರು. ಒಂದು ಬೀಗ ನೂರು ಗ್ರಾಂ ಅಂತ ಇಟ್ಟುಕೋ, ಒಂದು ಮೀಟರ್‌ಗೆ ಎಷ್ಟು, ಇದನ್ನು ಡಿಸೈನ್‌ನಲ್ಲಿ ಯಾರು ಲೆಕ್ಕ ಇಟ್ಟಿದ್ದರು ಅಂತ. ಅಮ್ಮ ಬೀಗಗಳ ಮೇಲಿನ ಹೆಸರು ಓದುತ್ತಾ ಬಂದರು. ಒಂದು ಬೀಗ ನಮ್ಮ ಮನೆ ಹಳೇ ಕೊಟ್ಟಿಗೆ ಬೀಗದಷ್ಟು ದೊಡ್ಡದು.

ಸಂಗೀತದ ಚೌಕದಲ್ಲಿ ಆವತ್ತು ಕಾವಲು ಇರಲಿಲ್ಲ. ಕಾರಣ ಹೇಳಿದಾಗ ಅಪ್ಪ ರಸ್ತೆ ಮಧ್ಯೆ ನಿಂತು ನಕ್ಕರು. ಅವರ ಸರ್ವಿಸ್‌ನಲ್ಲಿ ಒಂದು ಸಮುದಾಯ ಭವನದ ಮೇಲೆ ವಾಟರ್ ಟ್ಯಾಂಕ್ ಕಟ್ಟಿ, ಮದುವೆ ಮುಹೂರ್ತದ ಹೊತ್ತಿಗೆ ಅದು ಸೋರಿದ ಕಥೆ ಹೊರಬಂತು. ಮೂವತ್ತು ವರ್ಷದಲ್ಲಿ ನಮಗೆ ಯಾರಿಗೂ ಹೇಳಿರಲಿಲ್ಲ.

ಡೋಮ್ ಪೂರ್ವದ ತುದಿಯಲ್ಲಿ ಆ ಹರಳು ಹುಡುಕಿದೆವು. ಆಖನ್ ಬ್ರೋ, ಸಿಕ್ಕಿತು. ಬೂದು ಕಲ್ಲಿನೊಳಗೆ ಕಲ್ಲುಸಕ್ಕರೆ ಚೂರು ಹುಗಿದ ಹಾಗೆ. ಅಪ್ಪ ಕನ್ನಡಕ ತೆಗೆದು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು, ಹೆಬ್ಬೆರಳಿನಿಂದ ಸವರಿದರು. ಆಮೇಲೆ ಎದುರಿನ ಬಡಗಣ ಗೋಪುರದ ಹತ್ತಿರ ಬಂದು ಅಲ್ಲಿನ ಕಲ್ಲನ್ನೂ ಸವರಿದರು. "ಇದು ಬೇರೆ ಕಾಂಟ್ರಾಕ್ಟರ್" ಅಂದರು. ಸಾರ್ವೆ ಕಟ್ಟಿದ್ದ ಕಡೆ ಹೊಸ ಕಲ್ಲು ಕಂಡಿತು. ಕಾಮಗಾರಿ ಪ್ರಗತಿಯಲ್ಲಿದೆ ಅಂತ ಬೋರ್ಡ್ ಹಾಕಿಲ್ಲವಲ್ಲ ಅಂತ ಹುಡುಕಿದರು. ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿದರು, ನನಗೆ ಗೊತ್ತಿರಲಿಲ್ಲ.

ಒಳಗೆ ಹೋದ ಮೇಲೆ ಅಪ್ಪ ಮಾತಾಡಲಿಲ್ಲ. ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿದ್ದರು. 43 ಮೀಟರ್ ಅಂತ ಮಾತ್ರ ನಾನು ಹೇಳಿದೆ. ಬಿಸಿಲು ಬರಲೇ ಇಲ್ಲ, ಕಂಬದ ಮೇಲೆ ಬಣ್ಣವೂ ಬೀಳಲಿಲ್ಲ. ಆದರೆ ರಿಖ್ಟರ್ ಕಿಟಕಿ ನೋಡಿ ಅಮ್ಮ, "ಮ್ಯಾಚಿಂಗ್ ಸೆಂಟರ್‌ನಲ್ಲಿ ಬ್ಲೌಸ್ ಪೀಸ್ ಜೋಡಿಸಿಟ್ಟ ಹಾಗಿದೆ ಕಣೋ" ಅಂದರು. ಈಗ ನನಗೂ ಹಾಗೇ ಕಾಣುತ್ತದೆ. ಗೇರೋ ಶಿಲುಬೆಯ ಮುಂದೆ ಮಾತ್ರ ಅಮ್ಮ ತುಂಬಾ ಹೊತ್ತು ನಿಂತರು. ಏನೂ ಹೇಳಲಿಲ್ಲ. ಮೇಣದಬತ್ತಿ ಎರಡು ಹಚ್ಚಿದರು. ಒಂದು ಯಾರಿಗೆ ಅಂತ ಗೊತ್ತು, ತೀರಿಹೋದ ನಮ್ಮ ಮಾವನಿಗೆ. ಇನ್ನೊಂದು ಯಾರಿಗೆ ಅಂತ ನಾನು ಕೇಳಲಿಲ್ಲ. ಒಟ್ಟು ಎರಡು ಗಂಟೆ ಆಯಿತು ಒಳಗೆ, ಎರಡು ಬ್ಯಾಗು ಅವರೇ!

ಬುತ್ತಿಯಲ್ಲಿ ಚಪಾತಿ, ಚಟ್ನಿಪುಡಿ, ಮೊಸರನ್ನ. ಮಳೆ ಅಂತ ನದಿ ದಂಡೆ ತಪ್ಪಿತು, ಸ್ಟೇಷನ್ ಒಳಗೆ ಕೂತು ತಿಂದೆವು. ಅಪ್ಪ ಕ್ಯೋಲ್ಷ್ ಒಂದೇ ಕುಡಿಯುತ್ತೇನೆ ಅಂತ ಹೋಗಿ ಮೂರು ಗೀಟು ಹಾಕಿಸಿಕೊಂಡರು. ರಟ್ಟು ಮುಚ್ಚುವುದನ್ನು ನಾನು ಬೇಕಂತಲೇ ಹೇಳಿರಲಿಲ್ಲ. ಪಟ್ಟಿಯ ಹದಿನಾಲ್ಕರಲ್ಲಿ ನಾವು ನೋಡಿದ್ದು ನಾಲ್ಕು.

ನಾಲ್ಕನೆಯದು ಯಾರೂ ಇಲ್ಲಿ ಹೇಳಿರಲಿಲ್ಲ. ಕಲೋನ್ ಅಂದರೆ ಓಡಿಕೊಲೋನ್ ಊರು ಅಂತ ನನಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಹೊಳೆಯಿತು. ಚಿಕ್ಕವಳಿದ್ದಾಗ ಜ್ವರ ಬಂದರೆ ಅವರ ಅಪ್ಪ ಬಟ್ಟೆಗೆ ಓಡಿಕೊಲೋನ್ ಹಾಕಿ ಹಣೆಗೆ ಇಡುತ್ತಿದ್ದರಂತೆ. ಅದೇ ಊರಾ ಇದು ಅಂತ ಕೇಳಿದರು. ಹುಡುಕಿಕೊಂಡು 4711 ಅನ್ನುವ ಅಂಗಡಿಗೆ ಹೋದೆವು, ಡೋಮ್‌ನಿಂದ ಹತ್ತು ಹದಿನೈದು ನಿಮಿಷ.

ರೈನ್ ದಂಡೆ:

ಅಯ್ಯೋ, ಇಷ್ಟೆಲ್ಲ ಬರೆದು ಅದನ್ನೇ ಬಿಟ್ಟೆ ನೋಡಿ. ಫ್ರೆಂಚರು ಊರಿಗೆ ಬಂದ ಕಾಲದಲ್ಲಿ ಮನೆಗಳಿಗೆ ನಂಬರ್ ಹಾಕಿದ್ದರು, ಆ ಮನೆಗೆ ಬಂದ ನಂಬರ್ 4711. ಅದಕ್ಕಿಂತ ಹಳೆಯದು ಫಾರಿನಾ ಅನ್ನುವ ಇಟಲಿ ಮೂಲದವರ ಅಂಗಡಿ, 1709ರದು, ಪುರಭವನದ ಹತ್ತಿರ ಇದೆ. ಊರಿನ ಹೆಸರು ವಾಸನೆಗೆ ಅಂಟಿದ್ದು ಅಲ್ಲಿಂದಲೇ. ದುಡ್ಡಿನ ಪ್ರಶ್ನೆಗೆ ಉತ್ತರ: 1842ರಲ್ಲಿ ಊರಿನವರೇ ಸೇರಿ ಒಂದು ಸಂಘ ಮಾಡಿದರು. ಅದು ಈಗಲೂ ಇದೆ, ರಿಪೇರಿಗೆ ದುಡ್ಡು ಕೊಡುತ್ತದೆ. 19ನೇ ಶತಮಾನದಲ್ಲಿ ಗೋಪುರ ಮುಗಿಸಲು ಲಾಟರಿ ಟಿಕೆಟ್ ಕೂಡ ಮಾರಿದ್ದರು. ಅಪ್ಪನಿಗೆ ಹೇಳಿ.

ಹಾಸನದ ಹುಡುಗ:

ಹೇಳಿದೆ. "ಲಾಟರಿನಾ!" ಅಂತ ಎದ್ದು ಕೂತರು.

ಆ ಅಂಗಡಿಯಲ್ಲಿ ನಲ್ಲಿ ಥರ ಒಂದು ಸಣ್ಣ ಕಾರಂಜಿ ಇದೆ, ನೀರಿನ ಬದಲು ಅದರಲ್ಲಿ ಓಡಿಕೊಲೋನ್ ಬರುತ್ತದೆ. ಅಮ್ಮ ಮೊದಲು ಬೆರಳು ಒಡ್ಡಿದರು. ಮೂಸಿದರು. ಆಮೇಲೆ ಕರ್ಚೀಫ್ ತೆಗೆದು ಪೂರ್ತಿ ನೆನೆಸಿ, ಹಿಂಡಿ, ಅಂಗಡಿಯವರು ನೋಡುತ್ತಿದ್ದಂತೆಯೇ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಹಣೆ ಮೇಲೆ ಇಟ್ಟರು. ಅಪ್ಪ, "ನನಗೆ ನೋವಿರುವುದು ಮಂಡಿ ಕಣೇ" ಅಂದರು. ಆದರೂ ತೆಗೆಯಲಿಲ್ಲ. ವಾಪಸ್ ಬರುವ ರೈಲು ಐವತ್ತು ನಿಮಿಷ ತಡ. ಆ ಕರ್ಚೀಫ್ ಇಟ್ಟುಕೊಂಡೇ ನಿದ್ದೆ ಮಾಡಿದರು, ಬೋಗಿಯೆಲ್ಲ ಅದೇ ವಾಸನೆ. ಅಮ್ಮ ಒಂದು ಸಣ್ಣ ಬಾಟಲಿ ಕೊಂಡರು.

ಎರಡು ಬ್ಯಾಗು:

ಸರಿ ಗುರು, ಒಪ್ಪಿದೆ. ಡಿಸೆಂಬರ್‌ನಲ್ಲಿ ಮತ್ತೆ ಬರುತ್ತಿದ್ದೇನೆ, ಒಂದು ಪೂರ್ತಿ ದಿನ ಇಡುತ್ತೇನೆ. ಆ ಬಾಟಲಿ ಎಷ್ಟಾಯಿತು?

ಹಾಸನದ ಹುಡುಗ:

ಅಮ್ಮನಿಗೂ ಹೇಳಿಲ್ಲ. ರೂಪಾಯಿಗೆ ಗುಣಿಸಿಬಿಡುತ್ತಾರೆ.